ಹುಬ್ಬಳ್ಳಿಯಿಂದ ಗದಗಿಗೆ: ಬಸ್ಸೋ, ರೈಲೋ?

ಹುಬ್ಬಳ್ಳಿಯಿಂದ ಗದಗಿಗೆ ಬಸ್ಸಿನಲ್ಲಿ ಹೋಗಬೇಕೆ, ರೈಲಿನಲ್ಲಿ ಹೋಗಬೇಕೆ ಎಂದು ಯೋಚಿಸುವವರು ವಾಹನದ ಗರಿಷ್ಠ ವೇಗವನ್ನಲ್ಲ, ಸರಾಸರಿ ವೇಗವನ್ನು, ಅಂದರೆ ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ನೋಡಬೇಕು. ಲೆಕ್ಕಕ್ಕಾಗಿ ದೂರವನ್ನು 60 ಕಿ.ಮೀ. ಎಂದು ಹಿಡಿಯೋಣ. ಗಂಟೆಗೆ 80 ಕಿ.ಮೀ. ವೇಗದಲ್ಲಿ 45 ನಿಮಿಷ ಓಡುವ ರೈಲು ಅಣ್ಣಿಗೇರಿಯಂಥ ನಿಲ್ದಾಣಗಳಲ್ಲಿಯೂ ಸಿಗ್ನಲ್‌ಗಳಲ್ಲಿಯೂ ಒಟ್ಟು 30 ನಿಮಿಷ ನಿಂತರೆ, ಅದರ ಸರಾಸರಿ ಗಂಟೆಗೆ 48 ಕಿ.ಮೀ.ಗೆ ಇಳಿಯುತ್ತದೆ. ಓಟದಲ್ಲಿ ರೈಲಿಗಿಂತ ನಿಧಾನವಾದರೂ ನಡುವೆ ನಿಲ್ಲದೆ 72 ನಿಮಿಷದಲ್ಲಿ ತಲುಪುವ ಬಸ್ಸಿನ ಸರಾಸರಿ 50.

ಹೋಗಿಬರುವ ಲೆಕ್ಕದಲ್ಲಿ ಹೆಚ್ಚಿನ ಎಚ್ಚರ ಬೇಕು. ಬಸ್ಸು ಹೋಗುವಾಗ ಗಂಟೆಗೆ 60, ಬರುವಾಗ 40 ಕಿ.ಮೀ. ವೇಗದಲ್ಲಿ ಸಾಗಿದರೆ ಸರಾಸರಿ 50 ಆಗುವುದಿಲ್ಲ, 120 ಕಿ.ಮೀ.ಗೆ ಎರಡೂವರೆ ಗಂಟೆ ಹಿಡಿಯುವುದರಿಂದ 48 ಆಗುತ್ತದೆ. ನಿಧಾನದ ದಾರಿಯಲ್ಲಿ ಹೆಚ್ಚು ಹೊತ್ತು ಕಳೆಯುವುದೇ ಇದಕ್ಕೆ ಕಾರಣ. ಎರಡು ವೇಗಗಳನ್ನು ಕೂಡಿಸಿ ಅರ್ಧ ಮಾಡುವ ಕ್ರಮ ಎರಡೂ ವೇಗಗಳಲ್ಲಿ ಸಮಾನ ಸಮಯ ಸಾಗಿದಾಗ ಮಾತ್ರ ಸರಿ.

ನನ್ನ ಅಭಿಪ್ರಾಯದಲ್ಲಿ ಕಾಯುವ ಸಮಯವನ್ನೂ ಕೂಡಿಸಿಯೇ ಹೋಲಿಸಬೇಕು. ರೈಲಿನ ವೇಳೆ ತಮಗೆ ಹೊಂದಿ, ನಿಲ್ದಾಣವೂ ಮನೆಗೆ ಹತ್ತಿರವಿದ್ದವರು ರೈಲನ್ನೂ, ಉಳಿದವರು ಮೇಲಿಂದ ಮೇಲೆ ಸಿಗುವ ಬಸ್ಸನ್ನೂ ಆರಿಸಿಕೊಳ್ಳುವುದು ಲೇಸು.