15 ಕಿಲೋ ಲೆಕ್ಕ: ದೇಶೀಯ ವಿಮಾನದ ‘ಹೆಚ್ಚುವರಿ ಬ್ಯಾಗೇಜ್’, ವರ್ಷಗಟ್ಟಲೆ ಬಳಸಿದ ಮೇಲೆ

ವಿಮರ್ಶೆಗೆ ತೆಗೆದುಕೊಂಡ ಸರಕು: ದೇಶದೊಳಗಿನ ವಿಮಾನಗಳಲ್ಲಿ ಮಾರುವ ಹೆಚ್ಚುವರಿ ಬ್ಯಾಗೇಜ್, ಅಂದರೆ ಟಿಕೆಟ್ಟಿನ ಜೊತೆ ಬರುವ 15 ಕಿಲೋ ಮೀರಿದ ತೂಕ.
ಬಳಕೆಯ ದಾರಿ: ಬೆಂಗಳೂರಿನಿಂದ ದೆಹಲಿ, ಮುಂಬೈ, ಹುಬ್ಬಳ್ಳಿ, ಮಂಗಳೂರು.
ಅಂಕ: ಕೌಂಟರಿನಲ್ಲಿ ಕೊಂಡರೆ 5ಕ್ಕೆ 1. ಮೊದಲೇ ಲೆಕ್ಕ ಹಾಕಿ ಕೊಂಡರೆ 3.

ಈ ಎರಡು ಅಂಕಗಳ ನಡುವಿನ ಅಂತರವೇ ಇಡೀ ವಿಮರ್ಶೆ. ಬ್ಯಾಗು ಅದೇ, ವಿಮಾನವೂ ಅದೇ, ಹೊಟ್ಟೆಯಲ್ಲಿ ಅದು ಕೂರುವ ಜಾಗವೂ ಅದೇ. ಆದರೆ ಹಿಂದಿನ ರಾತ್ರಿ ಮೊಬೈಲಿನಲ್ಲಿ ಕೊಂಡ ಕಿಲೋಗೆ ಒಂದು ದರ, ಬೆಳಿಗ್ಗೆ ಕೌಂಟರಿನಲ್ಲಿ ಕೊಂಡ ಕಿಲೋಗೆ ಇನ್ನೊಂದು ದರ. ಕೌಂಟರಿನಲ್ಲಿ ಈಗ ಕಿಲೋಗೆ ಅಂದಾಜು 500ರಿಂದ 700 ರೂಪಾಯಿ, ಮೇಲೆ ಜಿಎಸ್‌ಟಿ. ಭಾರಕ್ಕೆ ಇಂಧನ ಖರ್ಚಾಗುತ್ತದೆ ಎಂಬ ಸಮಜಾಯಿಷಿ ಸುಳ್ಳಲ್ಲ, ಆದರೆ ಅರ್ಧ ಸತ್ಯ. ವಿಮಾನದಲ್ಲಿ ಹೆಚ್ಚಿಗೆ ಹೊತ್ತ ಭಾರದ ಸುಮಾರು ಶೇಕಡಾ 3ರಷ್ಟು ತೂಕದ ಇಂಧನ ಗಂಟೆಗೆ ಉರಿಯುತ್ತದೆ ಎಂಬುದು ಆ ಕಸುಬಿನವರ ಅಂದಾಜು. ಆ ಲೆಕ್ಕದಲ್ಲಿ 5 ಕಿಲೋ ಬೆಂಗಳೂರಿನಿಂದ ದೆಹಲಿಗೆ ಹೋಗಲು ಬೇಕಾದದ್ದು ಅರ್ಧ ಲೀಟರ್ ಆಸುಪಾಸು. ಕೌಂಟರಿನ ಬಿಲ್ಲು 3,000. ಹಾಗಾಗಿ ಈ ಶುಲ್ಕ ತೂಕಕ್ಕಿಂತ ಹೆಚ್ಚಾಗಿ ತಡಕ್ಕೆ ಹಾಕುವ ದಂಡ ಅಂದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಇದು ನಮ್ಮಲ್ಲಿ ಹುಟ್ಟಿದ ಪದ್ಧತಿಯೇನಲ್ಲ. 2008ರಲ್ಲಿ ಕಚ್ಚಾತೈಲ ಗಗನಕ್ಕೇರಿದ್ದಾಗ ಅಮೆರಿಕನ್ ಏರ್‌ಲೈನ್ಸ್ ಮೊದಲ ಬ್ಯಾಗಿಗೇ 15 ಡಾಲರ್ ಹಾಕಿತು. ಆ ವರ್ಷದ ಕೊನೆಗೆ ತೈಲ ಇಳಿಯಿತು, ಶುಲ್ಕ ಇಳಿಯಲಿಲ್ಲ. ಅಲ್ಲಿ ದೇಶೀಯ ಟಿಕೆಟ್ ದರದ ಮೇಲೆ ಶೇ 7.5 ತೆರಿಗೆಯಿದೆ, ಬ್ಯಾಗಿನ ಶುಲ್ಕಕ್ಕೆ ಅದು ತಗಲುವುದಿಲ್ಲ. ಟಿಕೆಟ್ ಅಗ್ಗ ಮಾಡಿ ಬ್ಯಾಗಿನಲ್ಲಿ ವಸೂಲು ಮಾಡುವ ಜಾಣತನಕ್ಕೆ ಇದೂ ಒಂದು ಕಾರಣ. ಎರಡು ಬ್ಯಾಗ್ ಪುಕ್ಕಟೆ ಎಂದೇ ಹೆಸರು ಮಾಡಿದ್ದ ಅಲ್ಲಿನ ಇನ್ನೊಂದು ಕಂಪನಿ ಸೌತ್‌ವೆಸ್ಟ್ ಕೂಡ 2025ರ ಮೇ 28ರಿಂದ ಹೆಚ್ಚಿನ ಟಿಕೆಟ್‌ಗಳಿಗೆ ಶುಲ್ಕ ಹಾಕಿತು. ನಮ್ಮಲ್ಲಿ 2016ರಲ್ಲಿ 15ರಿಂದ 20 ಕಿಲೋ ನಡುವಿನ ತೂಕಕ್ಕೆ ಕಿಲೋಗೆ 100 ರೂಪಾಯಿ ಮೀರಬಾರದು ಎಂದು ವಿಮಾನಯಾನ ನಿಯಂತ್ರಕ ಡಿಜಿಸಿಎ ಕಟ್ಟು ಹಾಕಿತ್ತು. ಮರುವರ್ಷ ದೆಹಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಈಗಿನ ದರಕ್ಕೆ ಬೇಲಿ ಇಲ್ಲ.

ಇನ್ನು ಬಳಕೆಗೆ ಬರೋಣ. ಟಿಕೆಟ್ಟಿನ ಜೊತೆ ಸಾಮಾನ್ಯವಾಗಿ 15 ಕಿಲೋ ಚೆಕ್-ಇನ್, 7 ಕಿಲೋ ಹ್ಯಾಂಡ್ ಲಗೇಜ್ ಬರುತ್ತದೆ. ಆದರೆ ಆ 15ರಲ್ಲಿ ನಿಮ್ಮದು ಎಷ್ಟು? ಗಟ್ಟಿ ಕವಚದ ಮಧ್ಯಮ ಗಾತ್ರದ ಟ್ರಾಲಿ ಖಾಲಿ ಇದ್ದಾಗಲೇ 3.5ರಿಂದ 4.5 ಕಿಲೋ. ದೊಡ್ಡದಾದರೆ 5ರ ಹತ್ತಿರ. ಉಳಿದದ್ದು ಹತ್ತರಿಂದ ಹನ್ನೊಂದೂವರೆ ಕಿಲೋ. ಬಟ್ಟೆಯ ಡಫಲ್ ಬ್ಯಾಗು ಒಂದು, ಒಂದೂವರೆ ಕಿಲೋ ಅಷ್ಟೇ. ಬ್ಯಾಗ್ ಬದಲಿಸಿದರೆ ಸಿಗುವ ಮೂರು ಕಿಲೋ ಪ್ರತಿ ಪ್ರಯಾಣದಲ್ಲೂ ಪುಕ್ಕಟೆ. ಗಾಜಿನ ಜಾಡಿಯಲ್ಲಿ ಉಪ್ಪಿನಕಾಯಿ ಒಯ್ಯುವವರು ಜಾಡಿಯ ತೂಕಕ್ಕೂ ದುಡ್ಡು ಕೊಡುತ್ತಾರೆ. ದಪ್ಪ ಪೌಚಿಗೆ ಹಾಕಿ, ಮೇಲೊಂದು ಜಿಪ್ ಕವರ್ ಹಾಕಿದರೆ ಕಿಲೋಗೆ 300–400 ಗ್ರಾಂ ಉಳಿಯುತ್ತದೆ. ವಿಮಾನ ನಿಲ್ದಾಣದಲ್ಲಿ ಸುತ್ತಿಸುವ ಪ್ಲಾಸ್ಟಿಕ್ ಹಾಳೆಗೂ ತೂಕವಿದೆ ಎಂಬುದನ್ನು ಮರೆಯುವವರೇ ಹೆಚ್ಚು.

ತೂಗುವುದಕ್ಕೆ ಕೊಕ್ಕೆಯ ಡಿಜಿಟಲ್ ಲಗೇಜ್ ಸ್ಕೇಲ್ ಸಾಕು, 300ರಿಂದ 600 ರೂಪಾಯಿ, 50 ಕಿಲೋವರೆಗೆ ತೂಗುತ್ತದೆ. ಒಮ್ಮೆ ಹೆಚ್ಚುವರಿ ಕಟ್ಟುವುದನ್ನು ತಪ್ಪಿಸಿದರೆ ಅದರ ಬೆಲೆ ಬಂದ ಹಾಗೆ. ತಪ್ಪಾಗುವುದು ಸ್ಕೇಲಿನಲ್ಲಿ ಕಡಿಮೆ, ಕೈಯಲ್ಲಿ ಹೆಚ್ಚು. ಬ್ಯಾಗನ್ನು ಜಗ್ಗಿ ಎತ್ತಿದರೆ ಆ ಕ್ಷಣದ ಅಂಕಿಯೇ ನಿಂತುಬಿಡುತ್ತದೆ. ನಿಧಾನಕ್ಕೆ ಎತ್ತಿ, ಅಲುಗಾಡದಂತೆ ಹಿಡಿದು, ಬೀಪ್ ಬರುವವರೆಗೆ ಕಾಯಬೇಕು. ಎತ್ತುವ ಮೊದಲು ಪರದೆಯಲ್ಲಿ ಸೊನ್ನೆ ಇರಬೇಕು, ಅಳತೆ ಪೌಂಡಿನಲ್ಲಿ ಅಲ್ಲ, ಕಿಲೋದಲ್ಲಿ ಇರಬೇಕು. ಸೆಲ್ ಸೊರಗಿದಾಗ ಅಂಕಿ ಏರುಪೇರಾಗುತ್ತದೆ. ನಂಬಿಕೆ ಸಾಲದಿದ್ದರೆ ಸೀಲ್ ಒಡೆಯದ ಕಿಲೋ ಸಕ್ಕರೆ ಪೊಟ್ಟಣ ಐದನ್ನು ಒಂದು ಚೀಲಕ್ಕೆ ಹಾಕಿ ತೂಗಿ ನೋಡಿ. ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಬ್ಯಾಗ್ ಹಿಡಿದು ನಿಂತು, ಆಮೇಲೆ ಬರಿಗೈಯಲ್ಲಿ ನಿಂತು ಕಳೆಯುವ ವಿಧಾನದಲ್ಲಿ ಅರ್ಧ ಕಿಲೋ ಆಚೀಚೆ ಆಗುವುದು ಮಾಮೂಲು, ಆ ಅರ್ಧ ಕಿಲೋವೇ 300 ರೂಪಾಯಿ.

ಮನೆಯಲ್ಲಿ 14.7ಕ್ಕೆ ನಿಲ್ಲಿಸಿ. ಕೌಂಟರಿನಲ್ಲಿ ಬ್ಯಾಗ್ ಇಡುವ ಮುಂಚೆ ಪರದೆ ಸೊನ್ನೆ ತೋರಿಸುತ್ತಿದೆಯೇ ನೋಡಿ. ಹಿಂದಿನವರ ಟ್ರಾಲಿ ಬೆಲ್ಟಿಗೆ ಒರಗಿಕೊಂಡಿದ್ದರೂ, ನಿಮ್ಮದೇ ಮಗು ಅಂಚಿನ ಮೇಲೆ ಕೈಯೂರಿದ್ದರೂ ಅದು ನಿಮ್ಮ ಬಿಲ್ಲಿಗೇ ಸೇರುತ್ತದೆ. ಅನುಮಾನವಿದ್ದರೆ ಪಕ್ಕದ ಕೌಂಟರಿನಲ್ಲಿ ತೂಗಲು ಕೇಳಬಹುದು, ಜಗಳ ಬೇಕಿಲ್ಲ. ಕೌಂಟರಿನಲ್ಲಿ ಕೂತವರು 200–300 ಗ್ರಾಂ ನೋಡಿಯೂ ನೋಡದ ಹಾಗೆ ಬಿಡುವುದುಂಟು. ಬೆಂಗಳೂರಿನಂಥ ಕಡೆ ನಾವೇ ಬ್ಯಾಗ್ ಹಾಕುವ ಯಂತ್ರಗಳಿಗೆ ಈ ದಾಕ್ಷಿಣ್ಯ ಇಲ್ಲ. ಗಡಿಯಲ್ಲಿರುವ ಬ್ಯಾಗಿದ್ದರೆ ಮನುಷ್ಯರಿರುವ ಸಾಲಿಗೇ ಹೋಗಿ.

ಮೊದಲೇ ಕೊಳ್ಳುವುದು ಯಾವಾಗಲೂ ಲಾಭವೇ? ಇಲ್ಲ, ಇಲ್ಲೇ ಬಹಳ ಜನ ಎಡವುವುದು. ಮುಂಗಡ ಬ್ಯಾಗೇಜನ್ನು 3, 5, 10, 15 ಕಿಲೋ ಹೀಗೆ ಗಂಟುಕಟ್ಟಿ ಮಾರುತ್ತಾರೆ. ಉದಾಹರಣೆಗೆ 5 ಕಿಲೋ ಗಂಟು 2,400, ಕೌಂಟರಿನ ದರ ಕಿಲೋಗೆ 600 ಅಂದುಕೊಳ್ಳಿ. 2,400ನ್ನು 600ರಿಂದ ಭಾಗಿಸಿದರೆ 4. ನಿಮ್ಮ ಹೆಚ್ಚುವರಿ 4 ಕಿಲೋಗಿಂತ ಕಡಿಮೆಯಿದ್ದರೆ ಕೌಂಟರೇ ಅಗ್ಗ, ಅದನ್ನು ಮೀರಿದರೆ ಗಂಟು ಅಗ್ಗ. ಎರಡೇ ಕಿಲೋ ಹೆಚ್ಚಿದ್ದರೆ ಎರಡನ್ನೂ ಬಿಟ್ಟು, ಆ ಎರಡು ಕಿಲೋ ಹ್ಯಾಂಡ್ ಲಗೇಜಿಗೆ ಹೋಗುತ್ತದೆಯೇ ನೋಡಿ. ಕೊಳ್ಳುವುದಿದ್ದರೆ ವೆಬ್ ಚೆಕ್-ಇನ್ ಮಾಡುವ ಮೊದಲೇ ಸೇರಿಸುವುದು ಕ್ಷೇಮ. ಮುಂಗಡ ಮಾರಾಟ ಎಷ್ಟು ಗಂಟೆ ಮೊದಲು ಮುಚ್ಚುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ.

ಇದಕ್ಕಿಂತ ಆಳದ ಗುಂಡಿ ‘ಬ್ಯಾಗಿಲ್ಲದ’ ಟಿಕೆಟ್. 2021ರ ಫೆಬ್ರುವರಿಯಲ್ಲಿ ಡಿಜಿಸಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು, 2024ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ‘ಎಕ್ಸ್‌ಪ್ರೆಸ್ ಲೈಟ್’ ಎಂಬ ಹೆಸರಲ್ಲಿ ತಂದಿತು. ಬರೀ ಹ್ಯಾಂಡ್ ಲಗೇಜಿನಲ್ಲಿ ಎರಡು ದಿನಕ್ಕೆ ಹೋಗಿಬರುವವರಿಗೆ ಇದು ನಿಜಕ್ಕೂ ಒಳ್ಳೆಯದು, ಬೇಡದ 15 ಕಿಲೋಗೆ ಯಾಕೆ ಕೊಡಬೇಕು? ತೊಂದರೆ ಇರುವುದು ಟಿಕೆಟ್ ಹುಡುಕುವ ಸೈಟುಗಳು ಅದನ್ನೇ ಎಲ್ಲಕ್ಕಿಂತ ಮೇಲೆ ತೋರಿಸುವುದರಲ್ಲಿ. ಉಳಿತಾಯ ಕೆಲವು ನೂರು ರೂಪಾಯಿ. ಗೊತ್ತಿಲ್ಲದೆ ಕೊಂಡು ಕೌಂಟರಿಗೆ 15 ಕಿಲೋ ತಂದರೆ ಶುಲ್ಕ ಹದಿನಾರನೆಯ ಕಿಲೋದಿಂದಲ್ಲ, ಮೊದಲನೆಯ ಕಿಲೋದಿಂದಲೇ ಶುರು. ಉಳಿಸಿದ ಕೆಲವು ನೂರು ಅಲ್ಲೇ ಕರಗುತ್ತದೆ. ದುಡ್ಡು ಕಟ್ಟುವ ಪುಟದಲ್ಲಿ ‘ಚೆಕ್-ಇನ್’ ಎದುರು ಇರುವ ಅಂಕಿಯನ್ನು ಓದಿಯೇ ಮುಂದೆ ಹೋಗಿ.

ಮನೆಮಂದಿ ಒಟ್ಟಿಗೆ ಹೊರಟಾಗ ಎಲ್ಲರೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ ತೂಕವನ್ನು ಕೂಡಿಸಿ ನೋಡುತ್ತಾರೆ: ನಾಲ್ವರಿಗೆ 60 ಕಿಲೋ, ಒಬ್ಬರದು 18, ಇನ್ನೊಬ್ಬರದು 11 ಆದರೂ ನಡೆಯುತ್ತದೆ. ಬೇರೆ ಬೇರೆಯಾಗಿ ಬುಕ್ ಮಾಡಿದ್ದರೆ ಈ ಸೌಲಭ್ಯ ಕೇಳಿ ಪಡೆಯಬೇಕು, ಕೊಟ್ಟೇ ಕೊಡುತ್ತಾರೆ ಎನ್ನುವಂತಿಲ್ಲ. ಎರಡು ಎಚ್ಚರ. ತಲೆಗೆ ಒಂದೇ ಬ್ಯಾಗ್ ಎನ್ನುವ ಕಂಪನಿಗಳಲ್ಲಿ ತೂಕ ಮಿತಿಯೊಳಗಿದ್ದರೂ ಎರಡನೆಯ ನಗಕ್ಕೆ ಬೇರೆ ಶುಲ್ಕ. ಇಬ್ಬರದನ್ನೂ ಸೇರಿಸಿ ಒಂದೇ ದೊಡ್ಡ ಪೆಟ್ಟಿಗೆ ಮಾಡುವವರು 32 ಕಿಲೋ ದಾಟಬಾರದು. ಎತ್ತಿ ಹಾಕುವ ಕೆಲಸಗಾರರ ಬೆನ್ನಿನ ದೃಷ್ಟಿಯಿಂದ ಇಟ್ಟ ಮಿತಿ ಅದು, ದುಡ್ಡು ಕೊಡುತ್ತೇನೆಂದರೂ ಒಪ್ಪುವುದಿಲ್ಲ. ವಿದ್ಯಾರ್ಥಿಗಳಿಗೆ, ಸೇನೆಯವರಿಗೆ ಹಲವು ಕಂಪನಿಗಳಲ್ಲಿ 10 ಕಿಲೋ ಹೆಚ್ಚಿಗೆ ಸಿಗುತ್ತದೆ. ಬುಕ್ ಮಾಡುವಾಗಲೇ ಆ ವರ್ಗ ಆರಿಸಿರಬೇಕು, ಗುರುತಿನ ಚೀಟಿ ಕೈಯಲ್ಲಿರಬೇಕು.

ಎಲ್ಲಕ್ಕಿಂತ ದೊಡ್ಡ ಬಿಲ್ಲು ಬೀಳುವುದು ಹೊರದೇಶದಿಂದ ಊರಿಗೆ ಬರುವ ಕನ್ನಡಿಗರಿಗೆ. ಅಮೆರಿಕದಿಂದ 23 ಕಿಲೋದ ಎರಡು ಪೆಟ್ಟಿಗೆ ಬೆಂಗಳೂರಿಗೆ ಸಲೀಸಾಗಿ ಬರುತ್ತವೆ. ಅಲ್ಲಿಂದ ಹುಬ್ಬಳ್ಳಿಗೋ ಬೆಳಗಾವಿಗೋ ಬೇರೆ ಟಿಕೆಟ್ ಮಾಡಿಸಿದ್ದರೆ ಅದರ ಮಿತಿ 15. ಹೆಚ್ಚುವರಿ 31 ಕಿಲೋ, 600ರಂತೆ 18,600. ಕೊನೆಯ ಊರಿನವರೆಗೆ ಒಂದೇ ಟಿಕೆಟ್ಟಾಗಿ ಮಾಡಿಸಿದರೆ ಹೊರದೇಶದ ಮಿತಿಯೇ ಸಾಮಾನ್ಯವಾಗಿ ಕೊನೆಯ ಹಾರಾಟಕ್ಕೂ ನಡೆಯುತ್ತದೆ. ಕೊಲ್ಲಿಯಿಂದ ಮಂಗಳೂರಿಗೆ ಬರುವವರು ಮಿತಿಯನ್ನು ಪ್ರತಿ ಸಲವೂ ಟಿಕೆಟ್ಟಿನಲ್ಲೇ ಓದಿಕೊಳ್ಳಬೇಕು, ಹೋದ ವರ್ಷದ ನೆನಪಿನ ಮೇಲೆ ಪೆಟ್ಟಿಗೆ ಕಟ್ಟಬಾರದು. 30 ಇದ್ದದ್ದು 20 ಆಗುತ್ತದೆ, ಮತ್ತೆ ಏರುತ್ತದೆ.

ಹುಬ್ಬಳ್ಳಿ, ಮೈಸೂರು, ಶಿವಮೊಗ್ಗದ ಕಡೆ ಹಾರುವ ಎಟಿಆರ್ 72 ಎಂಬ ಸಣ್ಣ ವಿಮಾನದಲ್ಲಿ ತಲೆಮೇಲಿನ ಗೂಡು ಕಿರಿದು. ಗಟ್ಟಿ ಟ್ರಾಲಿ, ತೂಕ 7 ಕಿಲೋ ಒಳಗೇ ಇದ್ದರೂ, ಮೆಟ್ಟಿಲ ಬುಡದಲ್ಲಿ ಚೀಟಿ ಕಟ್ಟಿ ಕೆಳಗೆ ಹಾಕುತ್ತಾರೆ. ಇದಕ್ಕೆ ಶುಲ್ಕವಿಲ್ಲ. ಆದರೆ ಕೊಡುವ ಮುಂಚೆ ಪವರ್ ಬ್ಯಾಂಕ್, ಲ್ಯಾಪ್‌ಟಾಪ್, ಔಷಧಿ ಹೊರಗೆ ತೆಗೆಯಿರಿ; ಬಿಡಿ ಲಿಥಿಯಂ ಬ್ಯಾಟರಿ ಸರಕಿನ ಜೊತೆ ಹೋಗುವಂತಿಲ್ಲ.

ಒಳಗೆ ಏನಿದೆ ಎಂಬುದೂ ತೂಕದಷ್ಟೇ ಮುಖ್ಯ. ತಿಪಟೂರಿನ ಕೊಬ್ಬರಿ ಎಷ್ಟೇ ಒಳ್ಳೆಯದಿರಲಿ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಬೇಡಿ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದಿದೆ, ಎಕ್ಸ್-ರೇಯಲ್ಲಿ ಸಿಕ್ಕರೆ ಬ್ಯಾಗ್ ತೆರೆಸುತ್ತಾರೆ. ಉಪ್ಪಿನಕಾಯಿಯದು ಉಲ್ಟಾ: ಕೆಳಗೆ ಹೋಗುತ್ತದೆ, ಕ್ಯಾಬಿನ್ನಿಗೆ ಬಿಡುವುದಿಲ್ಲ. ಕೊನೆ ಗಳಿಗೆಯಲ್ಲಿ ತೂಕ ಇಳಿಸಲು ಚೆಕ್-ಇನ್‌ನಿಂದ ಹ್ಯಾಂಡ್ ಬ್ಯಾಗಿಗೆ ಸಾಮಾನು ವರ್ಗಾಯಿಸುವವರು ಇದೇ ತಪ್ಪು ಮಾಡಿ, ಭದ್ರತಾ ತಪಾಸಣೆಯಲ್ಲಿ ಅಮ್ಮನ ಮಾವಿನಮಿಡಿಯನ್ನು ಬಿಟ್ಟು ಹೋಗುತ್ತಾರೆ. ಹೊರಗೆ ಬೀಳ್ಕೊಟ್ಟವರ ಕೈಗೆ ಕೊಡೋಣವೆಂದರೆ ಟಿಕೆಟ್ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ, ಕೌಂಟರ್ ಮುಚ್ಚುವುದು ಹೊರಡುವ ಒಂದು ಗಂಟೆ ಮೊದಲು. ಅದಕ್ಕೇ ಬೇರೆಡೆಗೆ ತೆಗೆಯಬಹುದಾದ ಸಾಮಾನನ್ನು ಮೊದಲೇ ಒಂದು ಬಟ್ಟೆ ಚೀಲಕ್ಕೆ ಹಾಕಿ, ಪೆಟ್ಟಿಗೆಯ ಮೇಲುಭಾಗದಲ್ಲಿಡುವುದು. ನೆಲದ ಮೇಲೆ ಒಳಬಟ್ಟೆ ಹರಡುವ ಪ್ರಮೇಯ ಬರುವುದಿಲ್ಲ.

10 ಕಿಲೋ ದಾಟಿದ ಹೆಚ್ಚುವರಿಗೆ ವಿಮಾನವೇ ಬೇಡ. ರೈಲಿನ ಸ್ಲೀಪರ್, ಥರ್ಡ್ ಎಸಿಯಲ್ಲಿ ತಲೆಗೆ 40 ಕಿಲೋ, ಸೆಕೆಂಡ್ ಎಸಿಯಲ್ಲಿ 50 ಕಿಲೋ ಉಚಿತ. ರಾಜ್ಯದೊಳಗಾದರೆ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಇದೆ. ಪುಸ್ತಕ, ಪಾತ್ರೆಯಂಥ ಭಾರವನ್ನು ಎರಡು ದಿನ ಮೊದಲೇ ಪಾರ್ಸೆಲ್ ಮಾಡಿ, ಬಟ್ಟೆ ಮಾತ್ರ ಜೊತೆಗೊಯ್ಯುವವರೇ ಈ ವ್ಯವಸ್ಥೆಯನ್ನು ಸರಿಯಾಗಿ ಬಳಸುವವರು.

ಕೊಟ್ಟ ದುಡ್ಡಿಗೆ ಬ್ಯಾಗ್ ಮೊದಲು ಬರುತ್ತದೆಯೇ ಎಂದರೆ, ಇಲ್ಲ. ಹೆಚ್ಚುವರಿ ಕಟ್ಟಿದ ಬ್ಯಾಗಿಗೆ ಬೆಲ್ಟಿನ ಮೇಲೆ ವಿಶೇಷ ಮರ್ಯಾದೆಯಿಲ್ಲ, ಅದಕ್ಕೆ ಬೇರೆ ಶುಲ್ಕ ಮಾರುತ್ತಾರೆ. ಎಲ್ಲ ಬ್ಯಾಗುಗಳೂ 30 ನಿಮಿಷದೊಳಗೆ ಬರಬೇಕೆಂದು 2024ರ ಫೆಬ್ರುವರಿಯಲ್ಲಿ ವಿಮಾನಯಾನ ಭದ್ರತಾ ಸಂಸ್ಥೆ ಬಿಸಿಎಎಸ್ ಕಂಪನಿಗಳಿಗೆ ಸೂಚಿಸಿತ್ತು. ಕಳೆದುಹೋದರೆ ದೇಶೀಯ ಪ್ರಯಾಣದಲ್ಲಿ ಪರಿಹಾರದ ಮಿತಿ ಒಬ್ಬರಿಗೆ 20,000 ರೂಪಾಯಿ, ಹೆಚ್ಚುವರಿ ಎಷ್ಟೇ ಕಟ್ಟಿದ್ದರೂ. ಚಕ್ರ ಮುರಿದಿದ್ದರೆ, ಬ್ಯಾಗ್ ಬಾರದಿದ್ದರೆ ಬೆಲ್ಟ್ ಇರುವ ಸಭಾಂಗಣದಿಂದ ಹೊರಬರುವ ಮೊದಲೇ ಪಿಐಆರ್ ಎಂಬ ದೂರಿನ ಹಾಳೆ ಬರೆಸಿ, ಬ್ಯಾಗಿನ ಚೀಟಿ ಮತ್ತು ಹೆಚ್ಚುವರಿ ಕಟ್ಟಿದ ರಸೀದಿಯ ಫೋಟೊ ಇಟ್ಟುಕೊಳ್ಳಿ. ಗೇಟು ದಾಟಿದ ಮೇಲೆ ಹೇಳಿದರೆ ಮುರಿದದ್ದು ಟ್ಯಾಕ್ಸಿಯಲ್ಲಿ ಎನ್ನುತ್ತಾರೆ.