ಯುದ್ಧದ ಸಿನಿಮಾಕ್ಕೆ 3.1 ಸೌಂಡ್‌ಬಾರ್ ಸಾಕೇ? ಮೂರು ವರ್ಷ ಬಳಸಿದ ಮೇಲೆ

ಮಧ್ಯಮ ಬೆಲೆಯ 3.1 ಸೌಂಡ್‌ಬಾರ್ (ಎಡ, ನಡು, ಬಲಕ್ಕೆ ಮೂರು ಸ್ಪೀಕರ್; '.1' ಅಂದರೆ ಸಬ್‌ವೂಫರ್), ಅದರ ಜೊತೆಗೇ ಬಂದ ವೈರ್‌ಲೆಸ್ ಸಬ್‌ವೂಫರ್ (ಬಾಸಿನ ಪೆಟ್ಟಿಗೆ), 55 ಇಂಚಿನ ವಿಎ ಪ್ಯಾನೆಲ್ (ಕಪ್ಪು ಗಾಢವಾಗಿ ಕಾಣುವ ಎಲ್‌ಸಿಡಿ ಬಗೆ) ಟಿವಿ. ಹಾಲ್ 12 ಅಡಿಗೆ 10 ಅಡಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಮೂರು ವರ್ಷದಲ್ಲಿ ಇದರ ಮೇಲೆ ಓಡಿದ್ದು ಬಹುಪಾಲು ಯುದ್ಧದ ಸಿನಿಮಾ ಮತ್ತು ಥ್ರಿಲ್ಲರ್. ಅಂಕ ಮೊದಲೇ ಹೇಳಿಬಿಡುತ್ತೇನೆ: ಮಾತಿಗೆ 5ಕ್ಕೆ 4, ಗುಂಡು-ಬಾಂಬಿಗೆ 3, ಬೆನ್ನ ಹಿಂದಿನಿಂದ ಬರಬೇಕಾದ ಸದ್ದಿಗೆ 1. ಕೊಳ್ಳಬಹುದು. ಆದರೆ ಡಬ್ಬದಿಂದ ತೆಗೆದು ಹಾಗೆಯೇ ಹಚ್ಚಿಟ್ಟರೆ ದುಡ್ಡು ದಂಡ.

"ಮಾತು ಕೇಳಲ್ಲ, ಬಾಂಬ್ ಬಿದ್ರೆ ಕಿವಿ ಒಡೆಯತ್ತೆ" ಅನ್ನುವುದು ಎಲ್ಲರ ದೂರು. ಎಷ್ಟೋ ಮನೆಗಳಲ್ಲಿ ತಪ್ಪು ಸೌಂಡ್‌ಬಾರಿನದಲ್ಲ, ಟಿವಿಯದು. ಟಿವಿಯ ಆಡಿಯೊ ಔಟ್‌ಪುಟ್ 'ಪಿಸಿಎಂ'ನಲ್ಲಿದ್ದರೆ (ಟಿವಿಯೇ ಸದ್ದನ್ನು ಬಿಡಿಸಿ ಕಳಿಸುವ ಸೆಟ್ಟಿಂಗ್) ಹಳೆಯ ಎಆರ್‌ಸಿ (ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲಿನಲ್ಲೇ ಸೌಂಡ್‌ಬಾರಿಗೆ ಕಳಿಸುವ ವ್ಯವಸ್ಥೆ) ಮೂಲಕ ಬರುವುದು ಬರೀ ಎರಡು ಚಾನೆಲ್, ಅಂದರೆ ಎಡ ಮತ್ತು ಬಲ. ಮಾತಿಗೆಂದೇ ಇರುವ ನಡುವಿನ ಸ್ಪೀಕರಿಗೆ ತನ್ನದೇ ಆದ ಟ್ರ್ಯಾಕ್ ಸಿಗುವುದೇ ಇಲ್ಲ. ಹಾಗಾಗಿ ಕೇಬಲನ್ನು ಟಿವಿಯಲ್ಲಿ 'ಎಆರ್‌ಸಿ' ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಗೇ ಚುಚ್ಚಿ. ಟಿವಿ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ ಆನ್ ಮಾಡಿ (ಎಚ್‌ಡಿಎಂಐಗೆ ಕೂಡಿಸಿದ ಪೆಟ್ಟಿಗೆಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ; ಈ ಹೆಸರನ್ನು ಪ್ರತಿ ಕಂಪನಿಯೂ ಬದಲಿಸಿಟ್ಟಿರುತ್ತದೆ). ಔಟ್‌ಪುಟ್ಟನ್ನು 'ಪಾಸ್ ಥ್ರೂ' ಅಥವಾ 'ಬಿಟ್‌ಸ್ಟ್ರೀಮ್'ಗೆ ಹಾಕಿ, ಆಗ ಟಿವಿ ಸದ್ದನ್ನು ಬಿಡಿಸದೆ ಹಾಗೆಯೇ ದಾಟಿಸುತ್ತದೆ. ಕೊನೆಗೆ ಓಟಿಟಿ ಆ್ಯಪ್‌ನ ಭಾಷೆಯ ಪಟ್ಟಿಯಲ್ಲಿ 5.1 (ಐದು ಸ್ಪೀಕರಿಗೂ ಒಂದು ಸಬ್‌ವೂಫರಿಗೂ ಬೇರೆಬೇರೆ ಸದ್ದು) ಎಂದಿರುವ ಟ್ರ್ಯಾಕನ್ನೇ ಆರಿಸಿ. ಆಪ್ಟಿಕಲ್ ಕೇಬಲ್ ಸಾಮಾನ್ಯ ಡಾಲ್ಬಿ ಡಿಜಿಟಲ್‌ಗೆ (5.1 ಸದ್ದನ್ನು ಅಡಕವಾಗಿ ಕಳಿಸುವ ಮಾದರಿ) ನಡೆಯುತ್ತದೆ, ಅದಕ್ಕಿಂತ ಹೊಸವಾದ ಡಾಲ್ಬಿ ಡಿಜಿಟಲ್ ಪ್ಲಸ್ ಮತ್ತು ಅಟ್ಮಾಸ್ ಅದರಲ್ಲಿ ಹಾಯುವುದಿಲ್ಲ.

ಇಷ್ಟಾದ ಮೇಲೆ ಸೌಂಡ್‌ಬಾರಿನ ಸೆಟ್ಟಿಂಗ್‌ನಲ್ಲಿ ಸೆಂಟರ್ (ನಡುವಿನ ಸ್ಪೀಕರ್) ಮಟ್ಟ +3, ಸಬ್‌ವೂಫರ್ -2. ಈ ಹಾಲಿಗೆ ಕೂಡಿಬಂದ ಲೆಕ್ಕ ಇದು. ಸೆಂಟರನ್ನು +5 ದಾಟಿಸಿದರೆ ಮಾತು ಮೂಗಿನಲ್ಲಿ ಆಡಿದ ಹಾಗೆ ಕೇಳುತ್ತದೆ. ನೈಟ್ ಮೋಡ್ ರಾತ್ರಿ ಹತ್ತರ ನಂತರ ಅಕ್ಕಪಕ್ಕದವರ ನಿದ್ದೆ ಉಳಿಸುತ್ತದೆ, ನಿಜ. ಆದರೆ ಅದು ದೊಡ್ಡ ಸದ್ದನ್ನು ಅಮುಕಿ ಸಣ್ಣ ಸದ್ದನ್ನು ಎತ್ತುತ್ತದೆ. ಥ್ರಿಲ್ಲರಿನ ಜೀವ ಹೋಗುವುದೇ ಅಲ್ಲಿ. 2007ರ 'ನೋ ಕಂಟ್ರಿ ಫಾರ್ ಓಲ್ಡ್ ಮೆನ್' ತೆಗೆದುಕೊಳ್ಳಿ, ಅದರಲ್ಲಿ ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೋಟೆಲ್ ಕೋಣೆಯಲ್ಲಿ ಒಬ್ಬ ಕತ್ತಲಲ್ಲಿ ಬಂದೂಕು ಹಿಡಿದು ಕೂತಿದ್ದಾನೆ. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕಿನ ಗೆರೆ, ಆ ಗೆರೆಯಲ್ಲಿ ಎರಡು ಕಾಲಿನ ನೆರಳು. ನೆರಳು ಸರಿಯುತ್ತದೆ, ಆಮೇಲೆ ಹೊರಗಿನ ದೀಪವೂ ಆರುತ್ತದೆ. ಇಲ್ಲಿ ನೈಟ್ ಮೋಡ್ ಇದ್ದರೆ ಕೋಣೆಯ ಗುಂಯ್‌ಗುಡುವಿಕೆಯೇ ಮೇಲೆದ್ದು ಹೆಜ್ಜೆಯ ಸಪ್ಪಳ ಅದರಲ್ಲಿ ಮುಳುಗುತ್ತದೆ. ಮೋಡ್ ಆಫ್ ಮಾಡಿ, ವಾಲ್ಯೂಮ್ ಇಳಿಸಿ, ಫ್ಯಾನ್ ನಿಲ್ಲಿಸಿ ನೋಡಿ. ಸೌಂಡ್‌ಬಾರ್ ಕೊಳ್ಳುವ ಮೊದಲು ಅಂಗಡಿಯಲ್ಲಿ ಸ್ಫೋಟದ ಡೆಮೊ ಬೇಡ ಎಂದು ಹೇಳಿ, ಇಂಥ ದೃಶ್ಯ ಹಾಕಿಸಿ. ಢಂ ಅನ್ನಿಸುವುದು ಎಲ್ಲ ಪೆಟ್ಟಿಗೆಗೂ ಬರುತ್ತದೆ.

ಸಬ್‌ವೂಫರನ್ನು ಮೂಲೆಗೆ ತಳ್ಳುವುದು ನಮ್ಮ ಮನೆಗಳ ಅಭ್ಯಾಸ, ಗುಡಿಸಲು ಅಡ್ಡ ಬರಬಾರದಲ್ಲ. ಆದರೆ ಮೂಲೆಯಲ್ಲಿ ಬಾಸ್ ಉಬ್ಬುತ್ತದೆ. 12 ಅಡಿ ಉದ್ದದ ಕೋಣೆ ಸುಮಾರು 47 ಹರ್ಟ್ಸ್‌ನಲ್ಲಿ, 10 ಅಡಿ ಅಗಲ ಸುಮಾರು 56 ಹರ್ಟ್ಸ್‌ನಲ್ಲಿ ತಾನೇ ಮೊರೆಯುತ್ತದೆ. ಸಿಮೆಂಟ್ ಗೋಡೆ, ಟೈಲ್ಸ್ ಇದನ್ನು ಹೀರಿಕೊಳ್ಳುವುದಿಲ್ಲ. ಸರಿಯಾದ ಜಾಗ ಹುಡುಕಲು ಸಬ್‌ವೂಫರನ್ನು ನೀವು ಕೂರುವ ಸೋಫಾದ ಮೇಲಿಟ್ಟು, ಬಾಸ್ ಇರುವ ಹಾಡನ್ನು ಹಚ್ಚಿ, ಗೋಡೆಯ ಬುಡದುದ್ದಕ್ಕೂ ಅಂಬೆಗಾಲಿಟ್ಟು ಕೇಳಿ. ಎಲ್ಲಿ ಒಂದೊಂದು ಸ್ವರವೂ ಸಮವಾಗಿ ಕೇಳುತ್ತದೋ ಅಲ್ಲೇ ಪೆಟ್ಟಿಗೆ ಇಡಿ. ಗೋಡೆಯಿಂದ ಒಂದು ಗೇಣು ಬಿಡಿ, ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಮ್ಯಾಟ್ ಹಾಕಿದ ಮೇಲೆ ಶೋಕೇಸಿನ ಗಾಜು ಗದಗುಟ್ಟುವುದು ನಿಂತಿತು.

ಜಾಗ ಸರಿಯಾಯಿತೇ ಎಂದು ನೋಡಲು 'ದಾಸ್ ಬೂಟ್' ಹಾಕಿ. 1981ರ ಜರ್ಮನ್ ಚಿತ್ರ; 1997ರ ಡೈರೆಕ್ಟರ್ಸ್ ಕಟ್ 209 ನಿಮಿಷ. ಜಲಾಂತರ್ಗಾಮಿ ಆಳಕ್ಕೆ ಇಳಿದಷ್ಟೂ ಉಕ್ಕಿನ ಒಡಲು ನರಳುತ್ತದೆ, ಮೇಲಿನಿಂದ ಸೋನಾರಿನ ಟಿಂಗ್ ಟಿಂಗ್, ಆಮೇಲೆ ಒಂದು ಬೋಲ್ಟ್ ಗುಂಡಿನ ಹಾಗೆ ಸಿಡಿಯುತ್ತದೆ. ಈ ಮೂರೂ ಬಿಡಿಬಿಡಿಯಾಗಿ ಕೇಳಬೇಕು. ನರಳಿಕೆ ಬರೀ ಗುಂಯ್ ಆದರೆ ಸಬ್ ಇನ್ನೂ ಮೂಲೆಯಲ್ಲಿದೆ ಎಂದೇ ಅರ್ಥ. ಮನೆಯಲ್ಲಿ ನೋಡಲು ಇದಕ್ಕಿಂತ ಒಳ್ಳೆಯ ಯುದ್ಧದ ಸಿನಿಮಾ ಇಲ್ಲ. ಇಕ್ಕಟ್ಟಿನ ಕಥೆ ಇಕ್ಕಟ್ಟಾದ ಹಾಲಿಗೆ ಒಗ್ಗುತ್ತದೆ. ಇಂಗ್ಲಿಷ್ ಡಬ್ಬಿಂಗ್ ಬೇಡ, ಜರ್ಮನ್ ಟ್ರ್ಯಾಕಿಗೆ ಸಬ್‌ಟೈಟಲ್ ಹಾಕಿಕೊಳ್ಳಿ.

'ಸೇವಿಂಗ್ ಪ್ರೈವೇಟ್ ರಯಾನ್' (1998) ಬಗ್ಗೆ ಎಲ್ಲರೂ ಕೈ ಮುಗಿಯುತ್ತಾರೆ. ಓಮಾಹಾ ತೀರದ ಆ ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ ನಾನೂ ಮುಗಿಯುತ್ತೇನೆ. ಉಳಿದದ್ದು ಹಳೇ ಧಾಟಿಯ ಸಿಪಾಯಿ ಕಥೆ, ಸ್ಮಶಾನದ ಆರಂಭ ಮತ್ತು ಮುಕ್ತಾಯ ಎರಡೂ ಬೇಕಿರಲಿಲ್ಲ. ಆದರೆ ಆ ತೀರದ ದೃಶ್ಯವನ್ನೇ ನಿಮ್ಮ ಟಿವಿ ಹಾಳು ಮಾಡುತ್ತಿರಬಹುದು. ಛಾಯಾಗ್ರಾಹಕ ಯಾನುಸ್ ಕಮಿನ್‌ಸ್ಕಿ ಮಾಮೂಲಿ 180 ಡಿಗ್ರಿ ಶಟರ್ ಬಿಟ್ಟು 90 ಮತ್ತು 45 ಡಿಗ್ರಿಯಲ್ಲಿ ತೆಗೆದಿದ್ದಾರೆ. ಸೆಕೆಂಡಿಗೆ 24 ಫ್ರೇಮಿನಲ್ಲಿ ಒಂದೊಂದು ಫ್ರೇಮಿಗೂ ಬೆಳಕು ಬೀಳುವುದು 1/48 ಸೆಕೆಂಡಿನ ಬದಲು 1/96 ಅಥವಾ 1/192. ಅದಕ್ಕೇ ಮರಳಿನ ಒಂದೊಂದು ಹರಳೂ ಚೂಪಾಗಿ, ಚಲನೆ ಕತ್ತರಿಸಿದ ಹಾಗೆ ಕಾಣುವುದು. ಟಿವಿಯ ಮೋಷನ್ ಸ್ಮೂದಿಂಗ್ ನಡುನಡುವೆ ತನ್ನದೇ ಫ್ರೇಮ್ ತುರುಕಿ ಅದನ್ನು ಧಾರಾವಾಹಿಯ ಹಾಗೆ ನುಣುಪು ಮಾಡಿಬಿಡುತ್ತದೆ. ಅದನ್ನು ಪೂರ್ತಿ ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಒಂದೇ ಗುಂಡಿಗೆ ಮುಗಿಯಿತು.

ಕತ್ತಲಿನ ಪರೀಕ್ಷೆಗೆ '1917' (2019). ನಡುವೆ ಸೈನಿಕ ಪ್ರಜ್ಞೆ ತಪ್ಪಿದಾಗ ಪರದೆ ಪೂರ್ತಿ ಕಪ್ಪಾಗುತ್ತದೆ. ಆಗ ಟಿವಿಯ ಮೂಲೆಗಳನ್ನು ನೋಡಿ, ಬೂದು ಮೋಡ ಕಂಡರೆ ಬ್ಯಾಕ್‌ಲೈಟ್ ಸೋರುತ್ತಿದೆ. ನಂತರ ಪಾಳುಬಿದ್ದ ಊರಿನ ಮೇಲೆ ಬೆಳಕಿನ ಬಾಣಗಳು ಹಾರಿ ನೆರಳುಗಳು ಓಡುತ್ತವೆ. ಐಪಿಎಸ್ (ಇನ್ನೊಂದು ಬಗೆಯ ಎಲ್‌ಸಿಡಿ) ಪ್ಯಾನೆಲಿನ ಕಾಂಟ್ರಾಸ್ಟ್ (ಬಿಳುಪು-ಕಪ್ಪಿನ ಅಂತರ) ಸುಮಾರು 1000:1, ವಿಎಯದು ಸಾಮಾನ್ಯವಾಗಿ 3000:1ರಿಂದ ಮೇಲೆ, ಈ ದೃಶ್ಯದಲ್ಲಿ ಅಂತರ ಎದ್ದು ಕಾಣುತ್ತದೆ. ಬದಲಿಗೆ ವಿಎಯನ್ನು ಪಕ್ಕದಿಂದ ನೋಡಿದರೆ ಬಣ್ಣ ತೊಳೆದ ಹಾಗಿರುತ್ತದೆ, ಎದುರಿಗೇ ಕೂರಬೇಕು. ಹೊಗೆ, ಮಂಜು ಚೌಕಚೌಕವಾಗಿ ಒಡೆದರೆ ಟಿವಿಯನ್ನು ಬೈಯುವ ಮೊದಲು ಇಂಟರ್ನೆಟ್ ನೋಡಿ. 4ಕೆಗೆ 15 ಎಂಬಿಪಿಎಸ್ ಆದರೂ ಬಿಡದೆ ಬರಬೇಕು. ಆ್ಯಪ್‌ನಲ್ಲಿ ಡೇಟಾ ಸೇವರ್ ಆನ್ ಇದ್ದರೆ 100 ಎಂಬಿಪಿಎಸ್ ಪ್ಲಾನ್ ಇದ್ದೂ ಫಲವಿಲ್ಲ.

'ಡನ್‌ಕರ್ಕ್' (2017) ಮನೆಯಲ್ಲಿ ಸೊರಗುತ್ತದೆ. ಪಾತ್ರಗಳ ಬಗ್ಗೆ ಹೆಚ್ಚೇನೂ ಹೇಳದೆ ದೊಡ್ಡ ಪರದೆ, ದೊಡ್ಡ ಸದ್ದಿನ ಮೇಲೆ ಕಟ್ಟಿದ ಸಿನಿಮಾ ಅದು. ಅಪಾರ್ಟ್‌ಮೆಂಟಿನ ವಾಲ್ಯೂಮಿನಲ್ಲಿ ಗಡಿಯಾರದ ಟಿಕ್‌ಟಿಕ್ ಮಾತ್ರ ಉಳಿಯುತ್ತದೆ. 'ಅಪೊಕ್ಯಾಲಿಪ್ಸ್ ನೌ' (1979) ಶುರುವಿನ ಹೆಲಿಕಾಪ್ಟರ್ ಕೋಣೆಯ ಸುತ್ತ ಹಾರಬೇಕು, 3.1ರಲ್ಲಿ ಅದು ಟಿವಿ ಬಿಟ್ಟು ಕದಲುವುದಿಲ್ಲ. ಮುಂದಿನ ಸ್ಪೀಕರಿನಿಂದಲೇ ಸುತ್ತಲ ಸದ್ದಿನ ಭ್ರಮೆ ಹುಟ್ಟಿಸುವ 'ವರ್ಚುವಲ್ ಸರೌಂಡ್' ಗುಂಡಿ ಇದಕ್ಕೆ ಮದ್ದಲ್ಲ, ಮಾತನ್ನು ತೆಳುವಾಗಿಸುತ್ತದೆ ಅಷ್ಟೆ.

ನಮ್ಮ 'ಮುತ್ತಿನ ಹಾರ'ದಂಥ (1990) ಹಳೆಯ ಚಿತ್ರ ಹಾಕುವಾಗ ಸರೌಂಡನ್ನು ತೆಗೆದು 'ಸ್ಟ್ಯಾಂಡರ್ಡ್'ಗೆ ಬನ್ನಿ. ಹಳೆಯ ಟ್ರ್ಯಾಕನ್ನು ಮೂರು ಸ್ಪೀಕರಿಗೆ ಹರಡಿದರೆ ಬಾಲಮುರಳಿಕೃಷ್ಣರ ದನಿ ಡಬ್ಬದೊಳಗಿಂದ ಬಂದ ಹಾಗಾಗುತ್ತದೆ. ಹಿಮದ ನಡುವಿನ ವಿಷ್ಣುವರ್ಧನ್, ಹಂಸಲೇಖರ ಸಂಗೀತ, ಇದಕ್ಕೆ ಬೇಕಾದ್ದು ನೇರವಾದ ಎರಡು ಸ್ಪೀಕರ್.

ಬಾಳಿಕೆಯಲ್ಲಿ ಎರಡು ತಕರಾರು. ಕರೆಂಟ್ ಹೋಗಿ ಬಂದಾಗ ಒಮ್ಮೊಮ್ಮೆ ಸಬ್‌ವೂಫರ್ ಬಾರಿನ ಜೊತೆ ಕೂಡಿಕೊಳ್ಳುವುದಿಲ್ಲ. ಎರಡನ್ನೂ ಪ್ಲಗ್‌ನಿಂದ ಕಿತ್ತು, ಒಂದು ನಿಮಿಷ ಬಿಟ್ಟು, ಮೊದಲು ಸಬ್, ಆಮೇಲೆ ಬಾರ್ ಹಾಕಿದರೆ ಸರಿಹೋಗುತ್ತದೆ. ವೈಫೈ ರೌಟರ್ ಸಬ್ಬಿನ ಪಕ್ಕದಲ್ಲಿದ್ದರೆ ಬಾಸ್ ತಡೆತಡೆದು ಬರುತ್ತದೆ, ನಾಲ್ಕೈದು ಅಡಿ ದೂರವಿಡಿ. ತುಟಿಗೂ ಮಾತಿಗೂ ತಾಳ ತಪ್ಪಿದರೆ ಟಿವಿಯ ಆಡಿಯೊ ಡಿಲೇಯನ್ನು 20 ಮಿಲಿಸೆಕೆಂಡಿನಂತೆ ಸರಿಸುತ್ತಾ ಹೋಗಿ. ಹೆಲಿಕಾಪ್ಟರ್ ಕೋಣೆಯ ಸುತ್ತ ಹಾರಲೇಬೇಕು ಅನ್ನುವವರು ಹಿಂದೆ ಎರಡು ನಿಜವಾದ ಸ್ಪೀಕರ್ ಇರುವ 5.1 ಸೆಟ್ಟಿಗೇ ಹೋಗಿ, ಸೋಫಾದ ಹಿಂದೆ ಎರಡು ಪ್ಲಗ್ ಪಾಯಿಂಟ್ ಇದೆಯೇ ಎಂದು ಮೊದಲು ನೋಡಿಕೊಂಡು.