ಸಕಲೇಶಪುರದ ದೊರೆ ಬಂಗಲೆ: ಹಂಚಿಗೆ ಐದು ಸ್ಟಾರ್, ಕಥೆಗೆ ಎರಡು

ಜನವರಿಯಲ್ಲಿ, ಕಾಫಿ ಕುಯ್ಲಿನ ಸಮಯಕ್ಕೆ, ಮನೆಯವರೆಲ್ಲ ಸೇರಿ ಇಲ್ಲಿ ಎರಡು ರಾತ್ರಿ ಉಳಿದು ಬಂದೆವು. ಮನೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ತೋಟದ ನಡುವೆ ಎತ್ತರದ ಜಾಗ, ಮೂರು ಕಡೆ ಜಗಲಿ. ಕೆಂಪು ನೆಲ ಎಷ್ಟು ನುಣುಪು ಅಂದರೆ ನಮ್ಮ ಚಿಕ್ಕವನು ಸಾಕ್ಸ್ ಹಾಕಿಕೊಂಡು ಜಾರಿದ್ದೇ ಜಾರಿದ್ದು.

ನನ್ನ ತಕರಾರು ಇವರು ಹೇಳುವ ಕಥೆಯದ್ದು: ಇದು ಬ್ರಿಟಿಷ್ ದೊರೆಯೊಬ್ಬ 1865ರಲ್ಲಿ ಕಟ್ಟಿಸಿದ ಮನೆಯಂತೆ. ಸಂಜೆ ಮನೆ ತೋರಿಸುವ ಹುಡುಗ ಮಾಡಿನಿಂದ ಇಳಿಸಿಟ್ಟ ಹಳೇ ಹಂಚೊಂದನ್ನು ಕೈಗೆ ಕೊಟ್ಟು, "ನೋಡಿ ಸಾರ್, ಇಲ್ಲೇ ಬರ್ದಿದೆ, ಕಟ್ಟಿದ್ದು 1865" ಅಂದ. ತಿರುವಿ ನೋಡಿದೆ. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಅಂತ ಇಂಗ್ಲಿಷಿನಲ್ಲಿ ಅಚ್ಚು. ಪಾಚಿ ಹಿಡಿದು ಕಪ್ಪಾಗಿದ್ದರೂ ಅಕ್ಷರ ಬೆರಳಿಗೆ ಸಿಗುತ್ತಿತ್ತು. ಆದರೆ ಅದು ಮನೆಯ ವಯಸ್ಸಲ್ಲ, ಹಂಚಿನದ್ದೂ ಅಲ್ಲ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು, ಆಮೇಲೂ ಎಷ್ಟೋ ವರ್ಷ ಅದೇ ಇಸವಿ ಒತ್ತುತ್ತಲೇ ಇದ್ದರು. ನಮ್ಮಜ್ಜಿ ಮನೆ ದನದ ಕೊಟ್ಟಿಗೆ ಮೇಲೂ 1865 ಇದೆ. ಅದನ್ನೂ ದೊರೆನೇ ಕಟ್ಟಿಸಿದ್ನಾ?

ಸಕಲೇಶಪುರದ ಸುತ್ತಲಿನ ಈ ಮಂಜರಾಬಾದ್ ಸೀಮೆಗೆ ಎಲಿಯಟ್‌ನಂಥ ಬ್ರಿಟಿಷ್ ಪ್ಲಾಂಟರುಗಳು 1850ರ ದಶಕದಲ್ಲೇ ಬಂದು ಕಾಫಿ ಹಾಕಿದ್ದು ನಿಜ, ಮನೆ ಹಳೆಯದೇ ಇರಬಹುದು. ಆದರೆ ಹಂಚಿನ ಕಥೆ ಅದಕ್ಕಿಂತ ಮಜವಾಗಿದೆ. ಬಾಸೆಲ್ ಮಿಷನ್ ಬ್ರಿಟಿಷರದ್ದಲ್ಲ, ಸ್ವಿಟ್ಜರ್ಲೆಂಡಿನದು, ಬಂದವರಲ್ಲಿ ಜರ್ಮನರೇ ಜಾಸ್ತಿ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಅವರ ಕಾರ್ಖಾನೆಗಳನ್ನೇ ಕಿತ್ತುಕೊಂಡಿತು. ಹಾಸನ–ಮಂಗಳೂರು ರೈಲು ಬಂದಿದ್ದು 1979ರಲ್ಲಿ, ಹಾಗಾಗಿ ಇಷ್ಟು ಭಾರದ ಮಾಲು ಎತ್ತಿನ ಗಾಡಿಯಲ್ಲೇ ಘಟ್ಟ ಹತ್ತಿರಬೇಕು ಅಲ್ವಾ? ಇದನ್ನೆಲ್ಲ ಬಿಟ್ಟು ಗೋಡೆ ತುಂಬ ಅಂಗಡಿಯಿಂದ ತಂದ ರಾಣಿ ಫೋಟೊ, ಪ್ಲಾಸ್ಟಿಕ್ ಜಿಂಕೆ ತಲೆ. ಸುಮ್ನೆ ದುಡ್ಡು ದಂಡ.

ಒಳ್ಳೇ ಕಥೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅಡುಗೆ ಮಾಡುವ ಅಕ್ಕ ಇಲ್ಲಿನ ಲೈನ್ ಮನೆಯಲ್ಲೇ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲೇ, ಹುಟ್ಟಿ ಬೆಳೆದವರು. ಅಕ್ಕಿ ರೊಟ್ಟಿ ತಟ್ಟುತ್ತಾ, "ಮಳೆ ಹಿಡಿಯೋಕೆ ಮುಂಚೆ ವರ್ಷ ವರ್ಷ ನಮ್ಮಪ್ಪನೇ ಮೇಲೆ ಹತ್ತಿ ಹಂಚು ಕೈಯಾಡಿಸ್ತಿದ್ರು, ಕೆಳಗಿಂದ ಒಂದೊಂದೇ ಎತ್ತಿ ಕೊಡೋದು ನಾನು" ಅಂದರು. ಒಡೆದ ಹಂಚು ತೆಗೆದು ಮಾಡು ಸರಿಪಡಿಸುವ ಆ ಕೆಲಸಕ್ಕೆ ಈಗ ಜನ ಸಿಗುವುದಿಲ್ಲವಂತೆ, ಹಿಂದಿನ ಮಾಡಿಗೆ ಶೀಟ್ ಹಾಕಿಬಿಟ್ಟಿದ್ದಾರೆ. ರೊಟ್ಟಿ ಜೊತೆ ಕಾಯಿ ಚಟ್ನಿ, ಬೆಣ್ಣೆ. ನಾನು ಐದು ತಿಂದೆ.

ಎರಡನೇ ದಿನ ಗೀಸರ್ ಕೈಕೊಟ್ಟಿತು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಕೊನೆಗೆ ಅಕ್ಕನೇ ಹಿತ್ತಲಿನ ಹಂಡೆಯಿಂದ ಬಿಸಿನೀರು ಕೊಟ್ಟರು, ಹೊಗೆ ವಾಸನೆಯ ಆ ನೀರಿನ ಸ್ನಾನಕ್ಕೆ ಗೀಸರ್ ಸಮ ಅಲ್ಲ ಬಿಡಿ.

ಒಬ್ಬರಿಗೆ ದಿನಕ್ಕೆ ಊಟ ಸೇರಿ 3,500. ಹೋದರೆ ಕಣದ ಕಡೆಗಿರುವ ಮೂಲೆ ರೂಮು ಕೇಳಿ, ಕಿಟಕಿ ತೆಗೆದರೆ ಒಣಗುತ್ತಿರುವ ಕಾಫಿ ಹಣ್ಣಿನ ಹುಳಿ ವಾಸನೆ ನೇರ ಹಾಸಿಗೆಗೇ ಬರುತ್ತದೆ. ನಮ್ಮ ಮನೆಯವಳಿಗೆ ಅದು ಸೇರಲಿಲ್ಲ.